ಮೂರು ತೊಟ್ಟಿನ ನ್ಯಾಯ

ನನ್ನ ಅಳತೆ ಟೇಪಿಗೆ ಸಗಣಿಯ ವಾಸನೆ ಏಕೆ ಎಂದು ಗಿರಾಕಿಗಳು ಕೇಳುವುದನ್ನು ಬಿಟ್ಟು ಆರು ತಿಂಗಳಾಯಿತು. ಈಗ ಅವರು ಮೂಗು ಹಿಡಿದುಕೊಂಡೇ ಅಳತೆಗೆ ನಿಲ್ಲುತ್ತಾರೆ.

ನಾನು ದರ್ಜಿ. ಮನೆಯ ಮುಂದಿನ ಕೋಣೆ ನನ್ನ ಅಂಗಡಿ, ಹಿತ್ತಿಲು ನನ್ನ ಹೆಂಡತಿಯ ಕೊಟ್ಟಿಗೆ. ಆಕೆ ಹೈನುಗಾರಿಕೆಯ ಮೂರು ದಿನದ ತರಬೇತಿಗೆ ಹೋಗಿ ಬಂದದ್ದೇ ತಡ, ಹಸುವಿನ ಎದೆಯ ಸುತ್ತಳತೆಯಿಂದ ತೂಕ ತಿಳಿಯುತ್ತದೆ, ತೂಕದಿಂದ ಮೇವಿನ ಲೆಕ್ಕ ತಿಳಿಯುತ್ತದೆ ಎಂದು ನನ್ನ ಟೇಪನ್ನು ಎತ್ತಿಕೊಂಡು ಹೋದಳು. ಹಸುಗಳು ಎರಡು: ದೊಡ್ಡಾಕೆ, ಚಿಕ್ಕಾಕೆ. ಇಬ್ಬರಿಗೂ ಹಸಿಹುಲ್ಲು ಇಷ್ಟು, ಒಣಹುಲ್ಲು ಇಷ್ಟು, ಹಿಂಡಿ ಇಷ್ಟು, ಖನಿಜದ ಪುಡಿ ಒಂದು ಹಿಡಿ ಎಂದು ಗೋಡೆಯ ಮೇಲೆ ಪಟ್ಟಿ ಬಂತು. (ನನ್ನ ಊಟದ ಪಟ್ಟಿ ಯಾವ ಗೋಡೆಯ ಮೇಲೂ ಇಲ್ಲ. ಪಾತ್ರೆಯ ತಳದಲ್ಲಿ ಮಿಕ್ಕಿದ್ದೇ ನನ್ನ ಸಮತೋಲನ ಆಹಾರ.)

"ನಂಗೂ ಒಂದು ಹಿಡಿ ಖನಿಜ ಹಾಕೇ," ಎಂದೆ ಒಮ್ಮೆ.

"ನೀವು ಹಾಲು ಕೊಡ್ತೀರಾ?"

ಹೊಲಿಗೆ ಯಂತ್ರದ ಕಡೆ ತಿರುಗಿದೆ.

ಆದರೆ ಸುಳ್ಳೇಕೆ ಹೇಳಲಿ, ಹಾಲು ಹೊಳೆಯಾಯಿತು. ಎಷ್ಟೆಂದರೆ, ಪೇಟೆಯ ಮೊಸರಿನಂಗಡಿಯ ಗಟ್ಟಿಯಮ್ಮನ ಕಿವಿಗೂ ಸುದ್ದಿ ಬಿತ್ತು. ಆಕೆಯ ಮೊಸರನ್ನೂ ಮಾತನ್ನೂ ಚಾಕುವಿನಿಂದಲೇ ಕತ್ತರಿಸಬೇಕು, ಅದಕ್ಕೇ ಆ ಹೆಸರು. "ಒಂದು ಕ್ಯಾನು ಕಳಿಸು. ಮೊಸರು ಚೆನ್ನಾಗಿ ಹೆಪ್ಪಾದ್ರೆ ದಿನಾ ಬೆಳಗಿನ ಹಾಲೆಲ್ಲಾ ನಂಗೇ," ಎಂದಳು. ಹನ್ನೊಂದು ವರ್ಷ ಹಾಲು ಮಾರುತ್ತ ಮನೆಮನೆಯ ಮೆಟ್ಟಿಲು ಹತ್ತಿಳಿದ ನನ್ನ ಹೆಂಡತಿ ಆ ದಿನ ಕ್ಯಾನನ್ನು ಮೂರು ಸಲ ತೊಳೆದಳು, ಮೂರು ಸಲ ಮೂಸಿದಳು.

ಆ ವಾರವೇ ದೊಡ್ಡಾಕೆಗೆ ಕೆಚ್ಚಲುಬಾವು ಬರಬೇಕೆ?

ಹೇಗೆ ಬಂತೆಂದು ಹೇಳದೆ ಮುಂದೆ ಹೋಗಬಹುದಿತ್ತು. ಹೇಳಿಬಿಡುತ್ತೇನೆ. ಹಾಲು ಕರೆದ ಮೇಲೆ ಅರ್ಧ ಗಂಟೆ ಕೆಚ್ಚಲಿನ ತೊಟ್ಟಿನ ಬಾಯಿ ತೆರೆದೇ ಇರುತ್ತದಂತೆ. ಆಗ ಹಸು ಒದ್ದೆ ನೆಲದಲ್ಲಿ ಮಲಗದಂತೆ ಮುಂದೆ ಮೇವು ಹಾಕಿ ನಿಲ್ಲಿಸಬೇಕು. ಹಾಕುವ ಕೆಲಸ ನನ್ನದು. ಯಾವುದೋ ಕೋಟಿನ ಕಾಲರಿನಲ್ಲಿ ಮುಳುಗಿದ್ದ ನಾನು ಮರೆತೆ. ದೊಡ್ಡಾಕೆ ಮಲಗಿದಳು.

ಪಶುವೈದ್ಯರು ಬಂದು ಬಾತ ತೊಟ್ಟಿನೊಳಗೆ ಮದ್ದು ಏರಿಸಿದರು. "ಐದು ದಿನ ಇವಳ ಹಾಲು ತಿಪ್ಪೆಗುಂಡಿಗೆ," ಎಂದರು.

"ಪೂರ್ತಿನಾ?"

"ಪೂರ್ತಿ."

ಕ್ಯಾನು ಕಳಿಸುವ ಬೆಳಗ್ಗೆ ಹೆಂಡತಿ ಚಿಕ್ಕಾಕೆಯ ಹಾಲನ್ನು ಕ್ಯಾನಿಗೆ ತುಂಬಿದಳು. ಕ್ಯಾನಿನ ಕತ್ತು ತುಂಬಲು ನಾಲ್ಕು ಬೆರಳು ಕಡಿಮೆಯಾಯಿತು. ದೊಡ್ಡಾಕೆಯ ಬಾತ ತೊಟ್ಟಿನದು ಚೊಂಬಿನಲ್ಲಿ, ಮಿಕ್ಕ ಮೂರರದು ಬಕೆಟ್ಟಿನಲ್ಲಿ ಇತ್ತು. "ಎರಡನ್ನೂ ಗುಂಡಿಗೆ ಸುರಿದು ಬನ್ನಿ," ಎಂದು ಆಕೆ ಬಟ್ಟೆ ಬದಲಿಸಲು ಒಳಗೆ ಹೋದಳು.

ಚೊಂಬು ಸುರಿದೆ. ಬಕೆಟ್ಟಿನ ಹಾಲು ನೊರೆನೊರೆಯಾಗಿ ನನ್ನನ್ನೇ ನೋಡುತ್ತಿತ್ತು. ಚೂರು ಬಟ್ಟೆಯನ್ನೂ ಎಸೆಯದ ಕುಲ ನನ್ನದು. ಅಂಗಿಯ ಒಂದು ತೋಳಿಗೆ ಶಾಯಿ ಬಿದ್ದರೆ ಇಡೀ ಅಂಗಿಯನ್ನು ಸುಡುತ್ತಾರೆಯೇ? ಮದ್ದು ಹೋದದ್ದು ಒಂದು ತೊಟ್ಟಿಗೆ. ನಿರಪರಾಧಿಗಳಾದ ಮೂರು ತೊಟ್ಟುಗಳಿಗೆ ಶಿಕ್ಷೆ ಏಕೆ? ಹೀಗೆ ಗುಂಡಿಯ ದಂಡೆಯಲ್ಲೇ ನ್ಯಾಯಾಲಯ ನಡೆಸಿ, ತೀರ್ಪು ಕೊಟ್ಟು, ಕ್ಯಾನಿನ ನಾಲ್ಕು ಬೆರಳು ತುಂಬಿಸಿಬಿಟ್ಟೆ.

"ಅರೆ, ಕತ್ತಿನವರೆಗೂ ಬಂದಿದೆಯಲ್ಲ?" ಎಂದಳು ಹೆಂಡತಿ.

"ನೊರೆ," ಎಂದೆ. (ಎರಡೇ ಅಕ್ಷರದ ಸುಳ್ಳು.)

ಮರುದಿನ ಒಬ್ಬ ಗಿರಾಕಿ ಕೈಯೆತ್ತಿ ಅಳತೆಗೆ ನಿಂತಿದ್ದಾಗ ಗಟ್ಟಿಯಮ್ಮ ಗಡಿಗೆ ಹೊತ್ತು ಬಂದಳು. ಹೆಂಡತಿಯನ್ನು ಕೂಗಿ ಕರೆದು, ಮೆಟ್ಟಿಲಿನ ಪಕ್ಕ ಗಡಿಗೆಯನ್ನು ಬಗ್ಗಿಸಿದಳು. ಹಾಲು ಹಾಲಾಗಿಯೇ ಹರಿದು ಚರಂಡಿ ಸೇರಿತು.

"ಹೆಪ್ಪು ಹಾಕಿ ಒಂದು ದಿನ ಆಯ್ತು. ನಿನ್ನ ಹಾಲು ಇನ್ನೂ ಯೋಚನೆ ಮಾಡ್ತಾ ಇದೆ! ಮದ್ದು ಸೇರಿದ್ರೇನೇ ಹಾಲು ಹೀಗೆ ಹೆಪ್ಪಾಗದೆ ಉಳಿಯೋದು. ಮದ್ದಿನ ಹಾಲು ಕೊಟ್ಯಲ್ಲಮ್ಮ?"

"ಇಲ್ಲ ಕಣಕ್ಕ. ಮದ್ದಿನ ಹಾಲು ಗುಂಡಿಗೆ ಹೋಗಿದೆ. ಸುರಿದವರು ಇಲ್ಲೇ ಇದ್ದಾರೆ. ಹೇಳ್ರೀ."

ನಾನು ಅವಸರವಾಗಿ ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡೆ. ದರ್ಜಿಗಿರುವ ಏಕೈಕ ಸೌಭಾಗ್ಯವೆಂದರೆ ಇದೇ, ಸೂಜಿ ಬಾಯಲ್ಲಿದ್ದರೆ ಯಾರೂ ಉತ್ತರ ಕೇಳುವುದಿಲ್ಲ.

"ಇವರಿಗೆ ಸೋಮಾರಿತನ ಇದೆ, ಮರೆವಿದೆ, ಗೊರಕೆ ಇದೆ," ಎಂದಳು ಹೆಂಡತಿ. "ಸುಳ್ಳು ಮಾತ್ರ ಇಲ್ಲ. ನೀವು ನನ್ನ ನಂಬದಿದ್ರೆ ಇವರನ್ನ ನಂಬಿ."

ಹದಿನೆಂಟು ವರ್ಷದ ಸಂಸಾರದಲ್ಲಿ ಆಕೆ ನನ್ನನ್ನು ಹೊಗಳಿದ್ದು ಅದೊಂದೇ ಸಲ.

"ಹಾಗಾದ್ರೆ ಹಾಲೇ ಸುಳ್ಳು ಹೇಳ್ತಾ? ನಿನ್ನ ಸಹವಾಸ ಬೇಡಮ್ಮ," ಎಂದು ಗಟ್ಟಿಯಮ್ಮ ಗಡಿಗೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು. ಹೆಂಡತಿ ಖಾಲಿ ಗಡಿಗೆಯ ಕಡೆಯೇ ನೋಡುತ್ತ ನಿಂತಳು.

ಸೂಜಿಗಳನ್ನು ಒಂದೊಂದಾಗಿ ಹೊರತೆಗೆದೆ. "ಮೂರು ತೊಟ್ಟು ಚೆನ್ನಾಗಿದ್ವು..." ಎಂದು ಶುರುಮಾಡಿದೆ. ಮುಗಿಸುವಷ್ಟರಲ್ಲಿ ಗಿರಾಕಿಯ ಎತ್ತಿದ ಕೈಗಳು ತಾವಾಗಿಯೇ ಇಳಿದಿದ್ದವು.

ಹೆಂಡತಿ ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಮೆಲ್ಲಗೆ ಕೇಳಿದಳು: "ಒಂದು ತೊಟ್ಟಿನ ಮದ್ದು ರಕ್ತ ಸೇರಿ ನಾಲ್ಕಕ್ಕೂ ಬರುತ್ತೆ. ಹಸು ಅಂದ್ರೆ ನಾಲ್ಕು ಜೇಬಿನ ಕೋಟು ಅಂದ್ಕೊಂಡ್ರಾ?"

ನೆಲ ಬಾಯ್ಬಿಡಬಾರದೇ ಎನಿಸಿತು. ಬಿಡಲಿಲ್ಲ.

ಮಾತೆಲ್ಲ ಕಿವಿಗೆ ಬಿದ್ದು ಗಟ್ಟಿಯಮ್ಮ ಬೀದಿಯಿಂದ ವಾಪಸು ಬಂದಳು. ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆದಳು. "ಹಾಲಿನ ತಪ್ಪಿಲ್ಲ ಅನ್ನು. ವೈದ್ಯರು ಸರಿ ಅಂದ ಮೇಲೆ ಇನ್ನೊಂದು ಕ್ಯಾನು ಕಳಿಸು ತಾಯಿ. ಆದ್ರೆ ಒಂದು ಷರತ್ತು," ಎಂದು ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದಳು. ಅಲ್ಲಿಯವರೆಗೆ ಕಲ್ಲಾಗಿದ್ದ ಹೆಂಡತಿಯ ಮುಖದಲ್ಲಿ ನಗು ಇಣುಕಿತು.

ಎರಡನೆಯ ಕ್ಯಾನಿನ ಮೊಸರಿನಲ್ಲಿ ಚಮಚ ಪೊಲೀಸಿನವನಂತೆ ಸೆಟೆದು ನಿಂತಿತಂತೆ. ಈಗ ಪ್ರತಿ ಬೆಳಗ್ಗೆ ಹಾಲು ಗಟ್ಟಿಯಮ್ಮನ ಅಂಗಡಿಗೆ ಹೋಗುತ್ತದೆ. ಹೊರುವವನು ನಾನು. ಮುಚ್ಚಳಕ್ಕೆ ಹೆಂಡತಿಯ ಕಗ್ಗಂಟು, ಕಗ್ಗಂಟಿಗೆ ಒಂದು ಚೀಟಿ. ಅದನ್ನು ಹೊತ್ತು ಇಡೀ ಬೀದಿಯ ಉದ್ದಕ್ಕೂ ನಡೆಯುತ್ತೇನೆ.

ನಿನ್ನೆ ಅಂಗಡಿಯ ಸಾಲಿನಲ್ಲಿದ್ದ ಒಬ್ಬ ತಾತ ಚೀಟಿಗೆ ಕಣ್ಣು ಕಿರಿದು ಮಾಡಿ, "ಕನ್ನಡಕ ಮರೆತು ಬಂದೆ ಕಣಪ್ಪ. ಏನು ಬರೆದಿದೆ ಓದು," ಎಂದರು.

ಗೊಣಗಿದೆ.

"ಜೋರಾಗಿ ಓದಿ ದರ್ಜಿಗಳೇ, ತಾತನಿಗೆ ಕಿವಿ ಮಂದ," ಎಂದಳು ಗಟ್ಟಿಯಮ್ಮ ಒಳಗಿನಿಂದ.

ಓದಿದೆ: "ಈ ಹಾಲಿಗೆ ಮನೆ ಯಜಮಾನರ ಕೈ ಸೋಕಿಲ್ಲ."

ಸಾಲಿಗೆ ಸಾಲೇ ತಿರುಗಿ ನೋಡಿತು. ತಾತ ಮಾತ್ರ ಮರುಗಿ ತಲೆಯಾಡಿಸಿದರು. "ಅಯ್ಯೋ, ಎಂಥವನನ್ನ ಕಟ್ಟಿಕೊಂಡಿದ್ದಾಳೋ ಆ ಹೆಣ್ಣುಮಗಳು! ನಿಂಗೆ ಗೊತ್ತೇನಪ್ಪ ಅವನು?"