ಎಂಟು ಬಾಗಿಲುಗಳ ಸಂಖ್ಯೆ

ಆಗಿದ್ದು ಇಷ್ಟೆ: ಅಣವೀರಪ್ಪ ಮಾಸ್ತರರು ತಮ್ಮ ಬಾಗಿಲ ಮೇಲೆ ಇದ್ದಿಲಿನಿಂದ ೭೩೯೩೯೧೩೩ ಎಂದು ಬರೆದರು. ರಜಾಕಾರರ ಗಲಾಟೆಗೆ ಕಮಲಾಪುರದ ಸಾಲೆ ಮುಚ್ಚಿ ವರ್ಷವಾಗಿತ್ತು. ಊರವರು ಆ ವರ್ಷ ಕಾಳು ಬಚ್ಚಿಟ್ಟರು, ಹೆಣ್ಣುಮಕ್ಕಳನ್ನು ಸೋಲಾಪುರಕ್ಕೆ ಸಾಗಿಸಿದರು. ಈ ಪುಣ್ಯಾತ್ಮ ಮಾಸ್ತರರು ಕೂತು ಭಾಗಾಕಾರ ಮಾಡಿದರು.

"ಇದೇನ್ ಬರದೀರಿ ಮಾಸ್ತರ?" ಪಕ್ಕದ ಮನೆಯ ದಿಲ್ಶಾದ್ ಬೇಗಂ ಕೇಳಿದಳು.

"ಇದನ್ನ ಒಂದರಿಂದ ಬಿಟ್ರ, ತನ್ನಿಂದ ಬಿಟ್ರ, ಬ್ಯಾರೆ ಯಾವುದರಿಂದನೂ ಭಾಗಿಸಾಕ ಬರಂಗಿಲ್ಲ. ಕಡೀ ಅಂಕಿ ಅಳಸ್ರಿ, ಉಳದದ್ದೂ ಹಂಗೇ. ಮತ್ತ ಅಳಸ್ರಿ, ಮತ್ತ ಹಂಗೇ. ಏಳು ಉಳಿಯೂತನಕ ಎಷ್ಟ್ ಕಡದ್ರೂ ಒಡಿಯಂಗಿಲ್ಲ."

ಆಕೆಗೆ ಕೊನೆಯ ಮಾತೊಂದೇ ಸಾಕಾಯಿತು. ಚಳಿಜ್ವರ ಬರಲಿ, ದೃಷ್ಟಿ ತಾಕಲಿ, ಅಂಕಿ ಬರೆದ ತಾಯಿತ ಕಟ್ಟುವುದು ಆ ಓಣಿಯ ಹಿಂದೂ ಮುಸಲ್ಮಾನರಿಬ್ಬರಿಗೂ ರೂಢಿ. ರಜಾಕಾರರನ್ನು ಅಡಗಿಸಲು ಹೊರಟ ಫೌಜು ಹುಮನಾಬಾದ ದಾಟಿತೆಂಬ ಸುದ್ದಿಯೂ ಬೆಳಿಗ್ಗೆಯೇ ಬಂದಿತ್ತು.

"ನಮ್ ಬಾಗಿಲಕ್ಕೂ ಬರೀರಿ. ಮನಿ ಉಳೀಲಿ," ಎಂದಳು.

"ಅಕಿಗೆ ಬರದು ನನಗ ಬಿಟ್ರ ಹೆಂಗ್ರಿ?" ಎಂದು ಆಚೆ ಮನೆಯ ಗುಂಡಮ್ಮನೂ ಬಂದಳು. ಮಾಸ್ತರರು ಖುಷಿಯಿಂದ ಮನೆಗೊಂದು ಅಂಕಿ ಕಡಿಮೆ ಮಾಡುತ್ತ ಬರೆದುಕೊಂಡು ಹೋದರು. ಎಲ್ಲವೂ ಅಷ್ಟೇ ಗಟ್ಟಿ ಎಂಬುದು ಅವರ ಲೆಕ್ಕ. ಓಣಿಯ ತುದಿಯ ಪುತಳಾಬಾಯಿಗೆ ಬರೀ ೭ ಸಿಕ್ಕಿತು. ತನಗೆ ಮೋಸವಾಯಿತೆಂದು ಆಕೆ ಮುಖ ಊದಿಸಿಕೊಂಡಳು.

ಮಧ್ಯಾಹ್ನ ಫೌಜಿನವರು ಬಂದರು. ಬಾಗಿಲಿಂದ ಬಾಗಿಲಿಗೆ ಸವೆಯುತ್ತ ಹೋದ ಅಂಕಿಗಳು ರಜಾಕಾರರು ಬಂದೂಕು ಹೂತ ಜಾಗದ ಗುರುತೇ ಎಂದು ತೀರ್ಮಾನಿಸಿ, ಪುತಳಾಬಾಯಿಯ ಅಡುಗೆಮನೆ ಅಗೆದರು. ಸಿಕ್ಕಿದ್ದು ಒಂದು ಗಡಿಗೆ ಜೋಳ. ಸಿಟ್ಟಿಗೆ ದಿಲ್ಶಾದಳ ಗಂಡ ಖಮರುದ್ದೀನನ ಕೈ ಕಟ್ಟಿದರು.

"ಬರೆದವರು ಯಾರು?"

ಇಡೀ ಓಣಿ ಮಾಸ್ತರರ ಕಡೆ ಬೆರಳು ತೋರಿಸಿತು. ಅವರನ್ನೂ ಗೋಡೆಗೆ ನಿಲ್ಲಿಸಿದರು. ಹಣೆಯ ವಿಭೂತಿ ಯಾರ ಲೆಕ್ಕಕ್ಕೂ ಬರಲಿಲ್ಲ. ಬಂದೂಕಿನ ಮುಂದೆ ಮಾಸ್ತರರು ಉರ್ದುವಿನಲ್ಲಿ ತಮ್ಮ ಸಂಖ್ಯೆಯ ಗುಣವನ್ನೆಲ್ಲ ಬಿಡಿಸಿ ಹೇಳಿದರು.

ಆಫೀಸರ ಕಾಲೇಜಿನಲ್ಲಿ ಗಣಿತ ಓದಿದವ. ಕಟ್ಟೆಯ ಮೇಲೆ ಕೂತು, ಇದ್ದಿಲು ಹಿಡಿದು, ೭೩೯೩ನ್ನು ಮೂರರಿಂದ, ಏಳರಿಂದ, ಹನ್ನೊಂದರಿಂದ ಭಾಗಿಸುತ್ತ ಹೋದ. ಯಾವುದಕ್ಕೂ ಬಗ್ಗಲಿಲ್ಲ. ಅವನ ಮುಖ ಅರಳಿದ್ದು ಕಂಡು ಮಾಸ್ತರರಿಗೆ ಹೋದ ಜೀವ ಬಂತು.

"ನೀವು ಹೇಳಿದ್ದು ನಿಜ," ಎಂದು ಆಫೀಸರ ಎದ್ದು ಕೈ ಕುಲುಕಿದ. "ಇಷ್ಟು ತಲೆ ಇರುವವನು ಈ ಗದ್ದಲದಲ್ಲಿ ವರ್ಷವಿಡೀ ಸುಮ್ಮನೆ ಭಾಗಾಕಾರ ಮಾಡಿದ ಎಂದರೆ ಯಾರು ನಂಬುತ್ತಾರೆ? ರಜಾಕಾರರಿಗೆ ಗುಪ್ತ ಸಂಕೇತ ಮಾಡಿಕೊಟ್ಟವನು ಯಾರೆಂದು ಹುಡುಕುತ್ತಿದ್ದೆವು."

ಸಂಜೆಗೆ ಇಬ್ಬರೂ ಕಲಬುರ್ಗಿಯ ಜೈಲಿನಲ್ಲಿದ್ದರು. ಮಾಸ್ತರರ ಕೊರಳಿಗೆ ೩೯೧ ಎಂಬ ಬಿಲ್ಲೆ ಬಿತ್ತು, ಖಮರುದ್ದೀನನಿಗೆ ೩೯೨.

"ಮಾಸ್ತರ," ಖಮರುದ್ದೀನ ಮೆಲ್ಲಗೆ ಕೇಳಿದ, "ನಿಮ್ ಅಂಕಿಯರೆ ಒಡಿಯಂಗಿಲ್ಲಲ್ರಿ?"

ಮಾಸ್ತರರು ಕಣ್ಣು ಮುಚ್ಚಿ ಬಹಳ ಹೊತ್ತು ಲೆಕ್ಕ ಹಾಕಿದರು.

"ಒಡೀತದ ಭಾಯಿ. ಹದಿನೇಳು ಇಪ್ಪತ್ಮೂರಲೆ," ಎಂದವರು ಆ ದಿನ ಮೊದಲ ಸಲ ಅತ್ತರು. ಖಮರುದ್ದೀನ ತನ್ನ ಬಿಲ್ಲೆ ನೋಡಿಕೊಂಡ. ಎರಡರಿಂದಲೇ ಒಡೆಯುವ ಅಂಕಿ; ಕಾಣದಂತೆ ಮಗುಚಿ ಹಾಕಿಕೊಂಡ.