ಬೀಗದಂಗಡಿಯ ನಾಲ್ಕು ದಿನದ ರಜೆ

ವರ್ಷಕ್ಕೊಮ್ಮೆ ಸಿಗುವ ನಾಲ್ಕು ದಿನದ ರಜೆಯನ್ನು ಈ ಬಾರಿ ಶಾಸ್ತ್ರೋಕ್ತವಾಗಿ ಕಳೆಯಬೇಕೆಂದು ಬೀಗದಂಗಡಿಯ ಯಜಮಾನರು ಒಂದು ವೇಳಾಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದರು. ಹತ್ತರಿಂದ ಹನ್ನೊಂದು: ಆತ್ಮಾವಲೋಕನ. ಹನ್ನೊಂದರಿಂದ ಸಂಜೆಯವರೆಗೆ: ಕುಟುಂಬ. ಅಂಗಡಿ: ಸೊನ್ನೆ. (ಸೊನ್ನೆಯನ್ನು ಎರಡು ಸಲ ತಿದ್ದಿ ದಪ್ಪ ಮಾಡಿದ್ದರು.)

ಹೆಂಡತಿ ಓದಿದರು. "ಆತ್ಮಾವಲೋಕನ ಅಂದ್ರೆ ಮಲಗೋದಾ?"

"ಅಲ್ಲ ಕಣೇ. ನಾನು ಯಾರಿಗೋಸ್ಕರ ದುಡೀತಿದೀನಿ ಅಂತ ಯೋಚನೆ ಮಾಡೋದು."

"ನಮ್ಮನ್ನ ಕೇಳಿದ್ರೆ ಎರಡು ನಿಮಿಷದಲ್ಲಿ ಹೇಳ್ತಿದ್ವಿ." ಅವರು ಅಂಗಡಿಯ ಕೀಲಿಯನ್ನು ಮೊಳೆಯಿಂದ ತೆಗೆದು ಸೆರಗಿಗೆ ಗಂಟು ಹಾಕಿಕೊಂಡರು. "ನೋಡಿ, ಹೋದ ಮೂರು ರಜೇಲೂ ಅರ್ಧ ಗಂಟೆ ಅಂತ ಹೋಗಿ ಸಂಜೆ ಬಂದಿದೀರ. ಈ ಸಲವೂ ಅಂಗಡಿ ತೆಗೆದ್ರೆ, ಮುಂದಿನ ರಜೆಗೆ ನಾನೂ ಮಗಳೂ ಅಕ್ಕನ ಮನೆಗೆ. ನೀವು ನಿಮ್ಮ ಬೀಗಗಳ ಜೊತೆ ಸುಖವಾಗಿರಿ."

ದನಿ ಏರಿಸದೆ ಹೇಳಿದ್ದರಿಂದ ಯಜಮಾನರಿಗೆ ನಿಜಕ್ಕೂ ಭಯವಾಯಿತು.

ಮೊದಲ ದಿನ ಸರಿಯಾಗಿ ಹತ್ತಕ್ಕೆ ಕೋಣೆ ಹೊಕ್ಕರು. ಹೊಸ ನೋಟುಬುಕ್ಕಿನ ಮೊದಲ ಪುಟದಲ್ಲಿ 'ನಾನು ದಿನವೂ ಯಾರಿಗಾಗಿ ಇಷ್ಟೊಂದು ದುಡಿಯುತ್ತಿದ್ದೇನೆ?' ಎಂದು ಬರೆದರು. ಉತ್ತರ ಬರಲಿಲ್ಲ. ಹತ್ತೂ ಐದಕ್ಕೆ ಕಣ್ಣು ಕೋಣೆಯ ಬಾಗಿಲಿನ ಬೀಗದ ಮೇಲೆ ಬಿತ್ತು. ಎಳೆದರೆ ತಾನೇ ಬೀಳುವ, ಒಳಗಿನಿಂದಲೂ ಹೊರಗಿನಿಂದಲೂ ಕೀಲಿಗೆ ಮಾತ್ರ ಬಗ್ಗುವ ಮಹಾಬೀಗ. ಅವರೇ ಹೆಮ್ಮೆಯಿಂದ ತಂದು ಹಾಕಿದ್ದು. ಕೀಲಿ ತಿರುಗಿಸುವಾಗ ಸ್ವಲ್ಪ ಬಿಗಿ ಎಂದು ಮಗಳು ಹೇಳಿದ್ದಳಲ್ಲ? ಇದು ಅಂಗಡಿಯ ಕೆಲಸವಲ್ಲ, ಮನೆಯ ಕೆಲಸ. ಆದ್ದರಿಂದ ವೇಳಾಪಟ್ಟಿಯ ಉಲ್ಲಂಘನೆಯಾಗದು ಎಂದು ತಮ್ಮಷ್ಟಕ್ಕೆ ತೀರ್ಪು ಕೊಟ್ಟುಕೊಂಡು, ಮೇಜಿನ ಡ್ರಾಯರಿನಲ್ಲಿದ್ದ ಸಣ್ಣ ಸ್ಕ್ರೂಡ್ರೈವರಿನಿಂದ ಬೀಗ ಬಿಚ್ಚಿದರು.

ಒಳಗೆ ಬೇರೆ ಬೇರೆ ಉದ್ದದ ಐದು ಪಿನ್ನುಗಳು. ಅಂಗಡಿಯಲ್ಲಾದರೆ ಅವನ್ನು ಬಿಚ್ಚಿದ ಕ್ರಮದಲ್ಲೇ ಇಡಲು ಗೀರುಗಳಿರುವ ಹಲಗೆಯಿದೆ. ಇಲ್ಲಿ ಅದಿಲ್ಲ. ಬರೆದಿಟ್ಟ ಪ್ರಶ್ನೆಯಲ್ಲಿ ಐದೇ ಪದಗಳಿರುವುದು ಕಂಡು, ಪದಕ್ಕೊಂದರಂತೆ ಇಟ್ಟರು. ಹೋಗಿದ್ದ ಕರೆಂಟು ಆಗಲೇ ಬಂತು. ಫ್ಯಾನು ತಿರುಗಿತು, ಪುಟ ಮಗುಚಿತು, ಐದೂ ಪಿನ್ನುಗಳು ನೆಲಕ್ಕುರುಳಿದವು.

ಐದು ಪಿನ್ನುಗಳನ್ನು ನೂರ ಇಪ್ಪತ್ತು ಬಗೆಯಲ್ಲಿ ಜೋಡಿಸಬಹುದು, ಸರಿಯಾದದ್ದು ಒಂದೇ. ಯಜಮಾನರು ಅನುಭವದ ಮೇಲೆ ಒಂದು ಬಗೆಯನ್ನು ಆರಿಸಿ ಜೋಡಿಸಿದರು. ಮುಚ್ಚಿ ನೋಡದೆ ಪರೀಕ್ಷೆ ಪೂರ್ತಿಯಾಗದು ಎಂದು ಬಾಗಿಲು ಎಳೆದರು. ಟಪ್ಪೆಂದಿತು. ಕೀಲಿ ಹಾಕಿದರು. ತಿರುಗಲಿಲ್ಲ. ಬೀಗವನ್ನು ಮತ್ತೆ ಬಿಚ್ಚೋಣವೆಂದರೆ ಅದರ ತಿರುಪು ಬಾಗಿಲಿನ ಅಂಚಿನಲ್ಲಿ, ಅಂಚು ಈಗ ಚೌಕಟ್ಟಿನೊಳಗೆ.

ಹನ್ನೊಂದಕ್ಕೆ ಮಗಳು ಬಾಗಿಲು ಬಡಿದಳು. "ಅಪ್ಪ, ಈಗ ಕುಟುಂಬದ ಟೈಮು."

"ಅಮ್ಮನ್ನ ಕರಿ ಪುಟ್ಟಿ."

ಹೆಂಡತಿ ಕಿಟಕಿಯ ಸರಳುಗಳಾಚೆ ಬಂದು ನಿಂತು ಎಲ್ಲವನ್ನೂ ಕೇಳಿದರು. ನಗಲಿಲ್ಲ. ನಕ್ಕಿದ್ದರೆ ಯಜಮಾನರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಹಿಂದಿನ ಬೀದೀಲೂ ಒಬ್ಬ ಬೀಗದವನಿದಾನಲ್ಲ, ಅವನನ್ನ ಕರೀಲಾ?"

"ಬೇಡ ಮಾರಾಯ್ತಿ. ಅವನು ಬಂದ್ರೆ ನಾನು ಅಂಗಡಿ ಮುಚ್ಚಿ ಹೋಗಬೇಕಷ್ಟೆ. ನಮ್ಮ ಅಂಗಡಿ ಮೇಜಿನ ಮೇಲೆ ಕೊಕ್ಕೆ ತಂತಿ ಇದೆ. ಅದನ್ನ ಕಿಟಕೀಲಿ ಕೊಟ್ರೆ ಕೀಲಿ ಇಲ್ದೇನೇ ತೆಗೀತೀನಿ."

"ಅಂಗಡಿ ತೆಗೀಬಾರದು ಅಂತಲ್ವಾ?"

"ನಾನು ತೆಗೀತಿಲ್ಲವಲ್ಲ," ಎಂದರು ಯಜಮಾನರು, ಅರ್ಧ ನಂಬಿಕೆಯಿಂದ.

"ಹತ್ತು ನಿಮಿಷ," ಎಂದು ಹೆಂಡತಿ ಮಗಳನ್ನು ಕರೆದುಕೊಂಡು ಹೊರಟರು.

ಹನ್ನೆರಡಾಯಿತು. ಒಂದಾಯಿತು. ಫೋನು ಅಡುಗೆಮನೆಯಲ್ಲಿ ಒಬ್ಬಂಟಿಯಾಗಿ ಬಡಿದುಕೊಳ್ಳುತ್ತಿತ್ತು. ಯಜಮಾನರಿಗೆ ಆತ್ಮಾವಲೋಕನಕ್ಕೆ ಇಷ್ಟು ಕಾಲಾವಕಾಶ ಜನ್ಮದಲ್ಲಿ ಸಿಕ್ಕಿರಲಿಲ್ಲ. ಆದರೆ ಯೋಚನೆ ಗೋಜಲಾಗಿತ್ತು. ಈಗ ಅಂಗಡಿ ತೆರೆದಿದೆಯೇ, ಮುಚ್ಚಿದೆಯೇ? ತೆರೆದಿದ್ದರೆ ಮಾತು ತಪ್ಪಿದವರು ಯಾರು? ಮುಂದಿನ ರಜೆಗೆ ಅಕ್ಕನ ಮನೆಗೆ ಹೋಗಬೇಕಾದವರು ಯಾರು?

ಎರಡೂವರೆಗೆ ಕಿಟಕಿಯಲ್ಲಿ ಕೊಕ್ಕೆ ತಂತಿ ಕಾಣಿಸಿತು. ಅದರ ಹಿಂದೆ ಹೆಂಡತಿಯ ಬೆವರಿದ, ಆದರೆ ವಿಚಿತ್ರವಾಗಿ ಬೆಳಗುತ್ತಿದ್ದ ಮುಖ.

"ಷಟರ್ ಎತ್ತಿದ್ದೇ ತಡ ಆರು ಜನ ನಿಂತ್ರು ಕಣ್ರೀ. ಒಬ್ಬಜ್ಜಿ ಪಾಪ, ಮನೆ ಹೊರಗೇ ಉಳಿದುಬಿಟ್ಟಿದ್ರು. ಹೇಗೆ ಬಿಟ್ಟು ಬರ್ಲಿ?"

"ನಿನಗೆ ಏನು ಗೊತ್ತು ಬೀಗದ ಕೆಲಸ?"

"ಹನ್ನೆರಡು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಬೇರೆ ಏನು ಮಾತಾಡಿದೀರ?"

ಮಗಳು ಸರಳುಗಳ ನಡುವೆ ಮೂಗು ತೂರಿಸಿದಳು. "ಅಪ್ಪ, ಮೆಷಿನ್ನಲ್ಲಿ ಅಮ್ಮ ಮೂರು ಕೀಲಿ ಕೊರೆದ್ರು. ಎರಡು ತಿರುಗಿದ್ವು."

"ಮೂರನೆಯವರಿಗೆ ನಾಳೆ ಬನ್ನಿ ಅಂದಿದೀನಿ," ಎಂದರು ಹೆಂಡತಿ.

"ನಾಳೆ? ನಾಳೆ ರಜೆ ಅಲ್ವಾ?"

"ರಜೆ ನಿಮಗೆ. ಪಟ್ಟೀಲಿ ಅಂಗಡಿ ಸೊನ್ನೆ ಅಂತ ಬರೆದಿರೋದು ನಿಮಗೇ ತಾನೇ?"

ಯಜಮಾನರು ಇದಕ್ಕೆ ತಕ್ಕ ಉತ್ತರ ಹುಡುಕುತ್ತಲೇ ಎರಡು ನಿಮಿಷದಲ್ಲಿ ಬಾಗಿಲು ತೆಗೆದರು. 

ಮರುದಿನ ತಾಯಿ, ಮಗಳು ಒಂಬತ್ತೂವರೆಗೇ ಹೊರಟುಹೋದರು. ಯಜಮಾನರು ಅರ್ಧ ಗಂಟೆ ಮನೆಯಲ್ಲಿ ಅತ್ತಿಂದಿತ್ತ ಓಡಾಡಿದರು. ಹನ್ನೊಂದರಿಂದ ಕುಟುಂಬ ಎಂದು ತಾವೇ ಬರೆದಿದ್ದರು, ಕುಟುಂಬವಿದ್ದದ್ದು ಅಂಗಡಿಯಲ್ಲಿ. ಕೊನೆಗೆ ಅನ್ನ, ಸಾರು ಮಾಡಿ, ಡಬ್ಬಿಗೆ ತುಂಬಿ, ಹನ್ನೆರಡೂವರೆಗೆ ಅಂಗಡಿಯ ಮುಂದೆ ಹೋಗಿ ನಿಂತರು. ಒಳಗೆ ಮೆಷಿನ್ನು ಕಿರ್ರೆನ್ನುತ್ತಿತ್ತು. ಮಗಳು ಗೀರುಹಲಗೆಯ ಮೇಲೆ ಪಿನ್ನುಗಳನ್ನು ಸಾಲಾಗಿ ಇಡುತ್ತಿದ್ದಳು, ಒಂದೂ ತಪ್ಪಿರಲಿಲ್ಲ.

"ಊಟ ತಂದಿದೀನಿ," ಎಂದರು.

ಹೆಂಡತಿ ತಲೆ ಎತ್ತಲಿಲ್ಲ. "ಆ ಸ್ಟೂಲ್ ಮೇಲೆ ಕೂತಿರಿ. ಇವರದೊಂದು ಮುಗಿಸಿಬಿಡ್ತೀನಿ, ಅರ್ಧ ಗಂಟೆ."

ಯಜಮಾನರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತರು. ಅದರ ಒಂದು ಕಾಲು ಗಿಡ್ಡ ಎಂಬುದು ಅವರಿಗೆ ಈವರೆಗೂ ಗೊತ್ತಿರಲಿಲ್ಲ.