ಗುಮಾಸ್ತರ ಸ್ಕ್ರೂ

ಅಂದು ಬೆಳಿಗ್ಗೆ ಎಷ್ಟು ಮಂಜು ಇಳಿದಿತ್ತೆಂದರೆ ಎದುರು ಮನೆಯ ಗೋಡೆಯೂ ಕಾಣುತ್ತಿರಲಿಲ್ಲ. ನೀರು ಸರಬರಾಜು ಕಚೇರಿಯ ದೂರು ಗುಮಾಸ್ತರು ಬಾಯಿ ಮುಕ್ಕಳಿಸಿ ಉಗುಳಿದರು. ಬಿದ್ದ ನೀರು ಮಾತ್ರ ಕೆಂಪಗೆ ಚೆನ್ನಾಗಿ ಕಂಡಿತು.

ರಕ್ತ ಬಂದದ್ದು ರಾತ್ರಿಯೆಲ್ಲ ನೋಯುತ್ತಿದ್ದ, ದವಡೆಯ ಮೂಳೆಗೆ ಸ್ಕ್ರೂ ಇಳಿಸಿ ಕೂರಿಸಿದ್ದ ಕೃತಕ ಹಲ್ಲಿನ ಬುಡದಿಂದ. ಆ ಹಲ್ಲು ಬರುವ ಮೊದಲು ಮನೆಯಲ್ಲಿ ಎರಡು ಅಡುಗೆ: ಎಲ್ಲರಿಗೂ ಒಂದು, ಇವರಿಗೆಂದು ಮೆತ್ತಗೆ ಕಿವುಚಿದ್ದು ಇನ್ನೊಂದು. ಅದು ಬಂದ ಮೇಲೆ ಹೆಂಡತಿಗೆ ಅರ್ಧ ಕೆಲಸ ತಪ್ಪಿತ್ತು. ಈಗ ಅದೇ ಹೋದರೆ ಅವಳಿಗೆ ಮುಖ ತೋರಿಸುವುದು ಹೇಗೆ?

ತಪ್ಪು ಅವರದೇ. ದೇವರು ಕೊಟ್ಟ ಹಲ್ಲುಗಳನ್ನು ಭಕ್ತಿಯಿಂದ ಉಜ್ಜುತ್ತಿದ್ದರು. ಡಾಕ್ಟರು ಕೊಟ್ಟದ್ದರ ಹತ್ತಿರ ಬ್ರಷ್ ಸುಳಿಯುತ್ತಿರಲಿಲ್ಲ. ಲೋಹಕ್ಕೆ ಹುಳುಕು ಹಿಡಿಯುತ್ತದೆಯೇ ಎಂಬ ಧೈರ್ಯ.

ಕಚೇರಿಗೆ ಹೋದವರೇ ಕಪಾಟಿನ ಮರೆಗೆ ಸರಿದು ಹಲ್ಲಿನ ಡಾಕ್ಟರಮ್ಮನಿಗೆ ಫೋನ್ ಮಾಡಿದರು.

"ಅಮ್ಮಾ, ಸ್ಕ್ರೂ ಲೂಸ್ ಆಗಿರ್ಬೇಕು ಅಂತ ಭಯ... ರಾತ್ರಿಯೆಲ್ಲ ನಿದ್ದೆ ಇಲ್ಲ... ಮನೇಲಿ ಹೇಳಿಲ್ಲಮ್ಮಾ, ಹೆದರ್ಕೊಳ್ತಾಳೆ. ರಿಪೇರಿ ಆಗುತ್ತಾ?"

ಕಪಾಟಿನ ಆಚೆ ಟೈಪಿಸ್ಟ್ ಕೂತಿದ್ದಳು. ಆಕೆಗೆ ಎಲ್ಲವೂ ಕೇಳಿಸಿತು. ಹಲ್ಲು ಎಂಬ ಮಾತೊಂದು ಮಾತ್ರ ಕೇಳಿಸಲಿಲ್ಲ, ಏಕೆಂದರೆ ಗುಮಾಸ್ತರು ಅದನ್ನು ಆಡಿರಲೇ ಇಲ್ಲ.

"ಅಣ್ಣನ ಸ್ಕ್ರೂ ಲೂಸಂತೆ," ಎಂದು ಖಜಾಂಚಿಯ ಕಿವಿಗೆ ಬಾಗಿದಳು. "ಅವರೇ ಒಪ್ಕೊಂಡ್ರು."

"ಆ ಕೌಂಟರಲ್ಲಿ ದಿನಾ ಬೈಸ್ಕೊಂಡ್ರೆ ಇನ್ನೇನಾಗುತ್ತಮ್ಮ? ನಂದಾಗಿದ್ರೆ ಉದುರೇ ಹೋಗ್ತಿತ್ತು."

ಸುದ್ದಿ ಒಡೆದ ಪೈಪಿನ ನೀರಿನಂತೆ ಹರಿಯಿತು. ನಲ್ಲಿ ಒಣಗಿದಾಗಲೆಲ್ಲ ಬಂದು ಕಿಟಕಿಯ ಗಾಜು ನಡುಗಿಸುತ್ತಿದ್ದ ಗುಡುಗು ತಾತ ಅಂದು ಗುಮಾಸ್ತರ ಮುಂದೆ ಪಿಸುಗುಟ್ಟಿದ: "ನೀರಿಗೇನವಸರ ಮಗಾ, ನಾಳೆ ಬಿಟ್ರೂ ಆಯ್ತು. ನೀನು ಹುಷಾರಾಗಿರು." ಸಾಹೇಬರಂತೂ ಕೇಳುವ ಮೊದಲೇ ರಜೆ ಕೊಟ್ಟರು. ಜಗತ್ತು ಇಷ್ಟು ಒಳ್ಳೆಯದಾದದ್ದು ಯಾವಾಗ ಎಂದು ಗುಮಾಸ್ತರಿಗೆ ತಿಳಿಯಲಿಲ್ಲ.

ಡಾಕ್ಟರಮ್ಮ ಹಲ್ಲು ಅಲ್ಲಾಡಿಸಿ ನೋಡಿದರು. "ಸ್ಕ್ರೂ ಗಟ್ಟಿಯಾಗೇ ಇದೆ ಯಜಮಾನ್ರೇ. ಸುತ್ತ ವಸಡಲ್ಲಿ ಕೀವಾಗಿದೆ, ಮೂಳೆ ಸ್ವಲ್ಪ ಸವೆದಿದೆ. ಉಜ್ಜೋದಿಲ್ವಾ?"

"ಲೋಹ ಅಲ್ವಾಮ್ಮ, ಕೊಳೆಯುತ್ತಾ ಅಂತ..."

"ಕಂಬ ಕೊಳೆಯಲ್ಲ. ಅದು ನಿಂತ ನೆಲ ಕೊಳೆಯುತ್ತೆ."

ದವಡೆ ಮರಗಟ್ಟಿಸಿ, ವಸಡು ಬಿಡಿಸಿ, ಲೋಹಕ್ಕಂಟಿದ್ದ ಕೊಳೆಯನ್ನೆಲ್ಲ ಕೆರೆದು, ಔಷಧಿಯಲ್ಲಿ ತೊಳೆದು ಹೊಲಿಗೆ ಹಾಕಿದರು. "ಉಳಿಯೋ ಹಾಗಿದೆ. ಗಾಯ ಮಾಗಿದ ಮೇಲೆ ದಿನಾ ಸಂದಿಯಲ್ಲಿ ಚಿಕ್ಕ ಬ್ರಷ್ ಆಡಿಸಿ, ಕರೆದಾಗ ಬಂದು ತೋರಿಸಿ. ಈಗ ಈ ಹತ್ತಿ ಕಚ್ಕೊಂಡಿರಿ, ಮಾತು ಬೇಡ."

ಗುಮಾಸ್ತರು ಮನಸ್ಸಿನಲ್ಲೇ ದೇವರಿಗೆ ಕೈಮುಗಿದರು. ಕೌಂಟರ್ ಖಾಲಿ ಬಿಟ್ಟು ಬಂದ ಅಳುಕಿಗೆ ಕಚೇರಿಗೆ ಮರಳಿದರು.

ಕೌಂಟರ್ ಖಾಲಿ ಇರಲಿಲ್ಲ. ಒಂದು ದಿನವೂ ಯಾರ ಬಾಯಿಗೂ ಬೀಳದೆ ಉಗ್ರಾಣದಲ್ಲಿ ಹಳೆ ಮೀಟರುಗಳ ನಡುವೆ ಬಾಳಿದ್ದ ಮುದಿ ಉಗ್ರಾಣಿ ಅಲ್ಲಿ ಕೂತು ಬೆವರುತ್ತಿದ್ದ. ಗುಡುಗು ತಾತನಿಗೆ ದನಿ ಮರಳಿ ಬಂದಿತ್ತು.

ಸಾಹೇಬರು ಗುಮಾಸ್ತರ ಕೈಗೆ ಬೀಗದ ಕೈ ಇಟ್ಟರು. "ಉಗ್ರಾಣ ಇನ್ನು ನಿಮ್ದು. ಎಷ್ಟು ವರ್ಷದಿಂದ ಕೇಳ್ತಿದ್ರಿ. ಮೀಟರುಗಳು ಬೈಯಲ್ಲ. ಸ್ಕ್ರೂ ಲೂಸಾಗೋದೇನು ನಾಚಿಕೆ ವಿಷಯ ಅಲ್ಲಪ್ಪ."

ಆಗ ಎಲ್ಲ ಅರ್ಥವಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಉಗ್ರಾಣ ತಮ್ಮದು; ಅದೂ ಡಾಕ್ಟರಮ್ಮನ ಅಪ್ಪಣೆ. ಆದರೆ ಉಗ್ರಾಣಿ ತಾತನ ಮುಂದೆ ದೂರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಕೂತಿರುವುದು ಕಣ್ಣಿಗೆ ಬಿತ್ತು.

ಗುಮಾಸ್ತರು ಕೆನ್ನೆಯ ಪಕ್ಕ ಬೆರಳಿಟ್ಟು ಸ್ಕ್ರೂ ತಿರುಗಿಸುವಂತೆ ತಿರುಗಿಸಿ ತೋರಿಸಿದರು.

"ಗೊತ್ತಣ್ಣಾ, ಗೊತ್ತು," ಎಂದಳು ಟೈಪಿಸ್ಟ್, ಕಣ್ಣೊರೆಸಿಕೊಂಡು.

ಬೇರೆ ದಾರಿ ಕಾಣದೆ ತುಟಿ ಎಳೆದು ಹೊಲಿಗೆ ತೋರಿಸಿದರು. ಸಾಹೇಬರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಅಯ್ಯೋ, ಹಲ್ಲಿಂದಾ ಸ್ಕ್ರೂ?"

ಗುಮಾಸ್ತರು ತಲೆಯಾಡಿಸಿ, ಕೌಂಟರಿನ ಕಡೆ ಕೈ ತೋರಿಸಿ, ತಮ್ಮ ಎದೆ ಮುಟ್ಟಿಕೊಂಡರು.

"ಉಗ್ರಾಣ ಬಿಟ್ಟು ಮತ್ತೆ ಅಲ್ಲಿಗೇ ಹೋಗ್ತೀರಾ?" ಸಾಹೇಬರು ಟೈಪಿಸ್ಟ್ ಕಡೆ ತಿರುಗಿದರು. "ನೀನು ಹೇಳಿದ್ದೇ ನಿಜ ಕಣಮ್ಮ."

ಗುಮಾಸ್ತರು ಆಗಲೇ ಕೌಂಟರಿನ ಹಿಂದೆ ನಿಂತಿದ್ದರು. ಸದ್ದಿಲ್ಲದೆ ಉಗ್ರಾಣಿಯ ಅಂಗೈ ಬಿಡಿಸಿ, ಬೀಗದ ಕೈ ಇಟ್ಟು, ಬೆರಳು ಮಡಚಿದರು.